ನಾವಿಕರ ಬಂಧು ದಿನಕರ ದೇಸಾಯಿ

ಕನ್ನಡ ಶಾಲೆಯ ಮೆಟ್ಟಿಲನ್ನು ಹತ್ತಿ ಇಳಿದ ಯಾರಿಗೂ ದಿನಕರ ದೇಸಾಯಿಯವರ ಹೆಸರು ಹೊಸದಲ್ಲ. ಗಡಿಯಾರವನ್ನು ಕುರಿತ ಅವರ ಪದ್ಯವನ್ನು ಚಿಕ್ಕಂದಿನಲ್ಲಿ ನಾವೆಲ್ಲ ರಾಗವಾಗಿ ಹಾಡಿದ್ದೇವೆ. ದೊಡ್ಡವರಾದ ಮೇಲೆ ಅವರ ಚುಟುಕಗಳನ್ನು ಒಬ್ಬರಿಗೊಬ್ಬರು ಹೇಳಿ ನಕ್ಕಿದ್ದೇವೆ. ನಾಲ್ಕೇ ಸಾಲಿನಲ್ಲಿ ಊರ ಗೌಡನಿಂದ ದಿಲ್ಲಿಯ ಮಂತ್ರಿಯವರೆಗೆ ಎಲ್ಲರ ಕಿವಿಯನ್ನೂ ಹಿಂಡಬಲ್ಲವರೆಂದು ಅವರ ಕೀರ್ತಿ. ಆದರೆ ಇದೇ ಕವಿಯು ತಮ್ಮ ಬಾಳಿನ ಅನೇಕ ವರ್ಷಗಳನ್ನು ಮುಂಬಯಿ ಬಂದರಿನ ಖಲಾಸಿಗಳ ನಡುವೆ ಸವೆಸಿದರೆಂಬುದನ್ನೂ, ಭಾರತದ ನಾವಿಕರ ಸ್ಥಿತಿಗತಿಗಳನ್ನು ಕುರಿತು 1940ರಲ್ಲಿ ಇಂಗ್ಲಿಷಿನಲ್ಲಿ ಒಂದು ಗ್ರಂಥವನ್ನೇ ಬರೆದರೆಂಬುದನ್ನೂ ಹೇಳಿದರೆ ನನ್ನ ಗೆಳೆಯರು ಹುಬ್ಬೇರಿಸುತ್ತಾರೆ. ಕವಿ ದೇಸಾಯಿಯವರನ್ನು ಕುರಿತು ಬರೆಯುವವರು ಬಹಳ ಜನರಿದ್ದಾರೆ. ಖಲಾಸಿಗಳ ದೇಸಾಯಿಯವರನ್ನು ಕುರಿತು ನಾಲ್ಕು ಮಾತು ಬರೆಯೋಣವೆಂದು ನಾನು ಲೇಖನಿ ಹಿಡಿದಿದ್ದೇನೆ.

ಹುಬ್ಬಳ್ಳಿ-ಧಾರವಾಡದವರಾದ ನಮಗೆ ಕಡಲಿನ ಮಾತು ದೂರದ್ದೆಂದು ತೋರಬಹುದು. ಇಲ್ಲಿ ಹುಟ್ಟಿ ಬೆಳೆದ ನನಗಂತೂ ಕಡಲೆಂದರೆ ಸೂಟಿಯಲ್ಲಿ ನೋಡಿ ಬರುವ ಒಂದು ನೋಟ, ಅಷ್ಟೇ. ಆದರೆ ಹುಬ್ಬಳ್ಳಿಯಿಂದ ಯಲ್ಲಾಪುರದ ಮೇಲೆ ಹಾಯ್ದು ಅರಬೈಲು ಘಟ್ಟವನ್ನಿಳಿದರೆ ಅಂಕೋಲೆ. ಎಲ್ಲ ಸೇರಿ 140 ಕಿಲೋಮೀಟರಿನ ಸುಮಾರು. ಅಮೇರಿಕದ ಅಂತರ್ಯುದ್ಧದ ಕಾಲಕ್ಕೆ ನಮ್ಮ ಸೀಮೆಯ ಹತ್ತಿಯನ್ನು ಇಂಗ್ಲಂಡಿಗೆ ಸಾಗಿಸಲು ಸರಕಾರದ ಕಣ್ಣು ಕಾರವಾರ ಬಂದರಿನ ಮೇಲೆ ಬಿದ್ದಿತ್ತು. 1862ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನು ಮದ್ರಾಸ ಇಲಾಖೆಯಿಂದ ಮುಂಬಯಿ ಇಲಾಖೆಗೆ ಸೇರಿಸಲಾಯಿತು. ಅಂದಿನಿಂದ 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ನಮಗೂ ಕಾರವಾರದವರಿಗೂ ಮುಂಬಯಿಯೇ ರಾಜಧಾನಿ. ನಮ್ಮ ಕಡೆಯವರು ಕಾರಕೂನಿಕೆಗೋ ಕಾಲೇಜಿಗೋ ಮುಂಬಯಿಗೆ ರೈಲು ಹತ್ತಿದರು. ಕರಾವಳಿಯವರು ಆಗಬೋಟು ಹತ್ತಿದರು. ಹಾಗೆ ಹೋದವರಲ್ಲಿ ಕೆಲವರು ಬಂದರಿನಲ್ಲಿಯೇ ನಿಂತು, ಇನ್ನೂ ದೊಡ್ಡ ಹಡಗನ್ನು ಹತ್ತಿ, ಲಂಡನ್ನು, ಲಿವರಪೂಲುಗಳ ದಾರಿ ಹಿಡಿದರು.

ದೇಸಾಯಿಯವರು ಜನಿಸಿದ್ದು 1909ರ ಸೆಪ್ಟೆಂಬರ 10ರಂದು. ಅಂಕೋಲೆಯ ಹತ್ತಿರದ ಅಲಗೇರಿಯ ಮನೆತನ. ತಂದೆ ದತ್ತಾತ್ರೇಯ ದೇಸಾಯಿಯವರು ಶಾಲಾಮಾಸ್ತರರು. ಹೆಸರಿಗೆ ದೇಸಾಯಿಕೆಯಿದ್ದರೂ ಮನೆಯಲ್ಲಿ ಜಹಗೀರಿಯ ಸಿರಿಯಿರಲಿಲ್ಲ. ಅವರು ಇಪ್ಪತ್ತರ ಹರೆಯದಲ್ಲಿದ್ದಾಗ, 1930ರ ಏಪ್ರಿಲಿನಲ್ಲಿ, ಅವರ ಊರಾದ ಅಂಕೋಲೆಯೇ ಕರ್ನಾಟಕದ ಉಪ್ಪಿನ ಸತ್ಯಾಗ್ರಹದ ರಣರಂಗವಾಯಿತು. ಆ ನೆಲದ ತರುಣನೊಬ್ಬನು ಓದಿ ಎಂ.ಎ., ಎಲ್‌ಎಲ್.ಬಿ. ಪದವಿಗಳನ್ನು ಪಡೆದ ಮೇಲೆ ವಕೀಲಿಯ ಕರಿಯ ಕೋಟು ತೊಟ್ಟು ಹಣ ಗಳಿಸದೆ, ಭಾರತ ಸೇವಕ ಸಮಾಜವನ್ನು ಸೇರಿದುದರಲ್ಲಿ ಅಚ್ಚರಿಯೇನೂ ಇಲ್ಲ. ಗೋಪಾಲ ಕೃಷ್ಣ ಗೋಖಲೆಯವರು 1905ರಲ್ಲಿ ಪುಣೆಯಲ್ಲಿ ಸ್ಥಾಪಿಸಿದ ಈ ಸಮಾಜದ ಸದಸ್ಯರು ಸಮಾಜವು ಕೊಡುವ ಅಲ್ಪ ವೇತನದಲ್ಲಿ ತೃಪ್ತರಾಗಿರಬೇಕು, ಸ್ವಂತಕ್ಕಾಗಿ ಧನಾರ್ಜನೆಗೆ ತೊಡಗಕೂಡದು. ಇಂಥ ವ್ರತವನ್ನು ತೊಟ್ಟವರೇ ಆದ ಎನ್. ಎಂ. ಜೋಶಿಯವರು ಮುಂಬಯಿಯಲ್ಲಿ ಗಿರಣಿ ಕೂಲಿಕಾರರ, ನಾವಿಕರ ಸಂಘಟನೆಗಳಿಗೆ ಹಾದಿ ಹಾಕಿಕೊಟ್ಟಿದ್ದರು. ದೇಸಾಯಿಯವರ ಪಾಲಿಗೆ ಬಂದುದು ನಾವಿಕರ ಕೆಲಸ.

ಆ ಕಾಲದ ನಾವಿಕನ ಪಾಡನ್ನು ತುಸು ವಿಸ್ತಾರವಾಗಿಯೇ ಹೇಳಬೇಕು. ಬ್ರಿಟಿಷ್ ಕಂಪನಿಗಳ ಹಡಗುಗಳಲ್ಲಿ ದುಡಿಯುವ ಹಿಂದೀ ನಾವಿಕನನ್ನು ಲಸ್ಕರನೆಂದು ಕರೆಯುತ್ತಿದ್ದರು. ಅವನ ಸಂಬಳ ಬಿಳಿಯ ನಾವಿಕನ ಸಂಬಳದ ಐದನೆಯ ಒಂದು ಪಾಲಿನ ಸುಮಾರು. 1906ರ ಬ್ರಿಟಿಷ್ ಕಾಯಿದೆಯು ನಾವಿಕನೊಬ್ಬನಿಗೆ ಮಲಗಲು 120 ಘನ ಅಡಿಗಳ ಜಾಗೆಯನ್ನು ಗೊತ್ತುಪಡಿಸಿತು. ಲಸ್ಕರನನ್ನು ಮಾತ್ರ ಅದೇ ಹಳೆಯ 72 ಘನ ಅಡಿಗಳಲ್ಲಿ ಬಿಟ್ಟಿತು. ಉಗಿಯ ಹಡಗಿನ ಹೊಟ್ಟೆಯಲ್ಲಿ, ಕೆಂಪು ಸಮುದ್ರದ ಬೇಸಗೆಯಲ್ಲಿ, ಕುಲುಮೆಗೆ ಕಲ್ಲಿದ್ದಲು ತುಂಬುವ ಕೆಲಸವೂ ಹೆಚ್ಚಾಗಿ ಅವನದೇ.

ಇವೆಲ್ಲಕ್ಕಿಂತ ಕೆಟ್ಟದ್ದು ಕೆಲಸ ಸಿಗುವ ರೀತಿ. ಹಡಗಿನ ಮಾಲಿಕನು ಖಲಾಸಿಯನ್ನು ನೇರವಾಗಿ ಹಿಡಿಯುತ್ತಿರಲಿಲ್ಲ. ಸಾರಂಗನೆಂಬ ಮೇಸ್ತ್ರಿಯನ್ನು ಹಿಡಿಯುತ್ತಿದ್ದನು. ಸಾರಂಗನು ತನಗೆ ಬೇಕಾದ ಆಳುಗಳನ್ನು ತರುವನು. ಅವನ ಹಿಂದೆ ದಲ್ಲಾಳಿ, ದಲ್ಲಾಳಿಯ ಹಿಂದೆ ಸಾಲ ಕೊಡುವ ಸಾಹುಕಾರ. ಕೆಲಸಕ್ಕಿಂತ ಕೆಲಸ ಬೇಡುವವರೇ ಬಹಳವಾದ್ದರಿಂದ ಒಂದು ಸಫರು ಸಿಗಲು ತಿಂಗಳುಗಟ್ಟಲೆ ಕಾಯಬೇಕು. ಆ ದಿನಗಳ ಊಟಕ್ಕೆ ಸಾಲ, ಸಾರಂಗನಿಗೆ ಕೊಡುವ ರುಶುವತ್ತಿಗೆ ಇನ್ನೊಂದು ಸಾಲ. ಹಡಗು ಮರಳಿ ಮುಂಬಯಿಯ ಧಕ್ಕೆಗೆ ಹತ್ತುವಾಗ ಗಳಿಸಿದ ಹಣವೆಲ್ಲ ಸಾಲಕ್ಕೆ ಹೋಗಿ, ಮನೆಗೆ ಒಯ್ಯಲು ಬರಿಯ ಕೈ. 1920ರಲ್ಲಿ ಇಟಲಿಯ ಜಿನೋವಾದಲ್ಲಿ ಕೂಡಿದ ಅಂತರರಾಷ್ಟ್ರೀಯ ಕಾರ್ಮಿಕ ಸಮ್ಮೇಲನವು ನಾವಿಕನಿಗೆ ಕೆಲಸ ಕೊಡಿಸಲು ಯಾರೂ ಹಣ ತೆಗೆದುಕೊಳ್ಳಕೂಡದೆಂದು ಒಪ್ಪಂದ ಮಾಡಿತ್ತು. 1929ರಲ್ಲಿ ನೇಮಕವಾದ ಕಾರ್ಮಿಕ ರಾಯಲ್ ಕಮಿಶನ್ನೂ ಈ ಪಿಡುಗನ್ನು ಕಂಡು ವರದಿ ಮಾಡಿತು. ಕಾಗದ ಕಾಗದವಾಗಿಯೇ ಉಳಿಯಿತು.

ದೇಸಾಯಿಯವರ ಗ್ರಂಥದ ವಿಷಯ ಇದೇ ಲೋಕ. ಆದರೆ ಈ ಲೋಕಕ್ಕೂ ನಾವಿಕನ ಪ್ರಾಣಕ್ಕೂ ಇರುವ ಸಂಬಂಧವು ಮೊದಮೊದಲು ನನಗೆ ಹೊಳೆಯಲಿಲ್ಲ. ಸಂಬಳ, ಲಂಚ, ಜಾಗೆ ಇವೆಲ್ಲ ಹೊಟ್ಟೆಯ ಮಾತು. ಹಡಗು ಮುಳುಗಿದಾಗ ಬದುಕುವ ಮಾತೇ ಬೇರೆಯೆಂದು ತಿಳಿದಿದ್ದೆ. ವಿಚಾರ ಮಾಡಿದಂತೆ ಎರಡೂ ಒಂದೇ ಹಗ್ಗದ ಎರಡು ಎಳೆಗಳೆಂದು ಕಂಡಿತು. ಟೈಟಾನಿಕ್ ಹಡಗು 1912ರಲ್ಲಿ ಮುಳುಗಿದ ಮೇಲೆ 1914ರಲ್ಲಿ ರಾಷ್ಟ್ರಗಳು ಕೂಡಿ, ಹಡಗಿನಲ್ಲಿರುವ ಪ್ರತಿಯೊಂದು ಜೀವಕ್ಕೂ ರಕ್ಷಣಾ ದೋಣಿಯಲ್ಲಿ ಜಾಗೆಯಿರಬೇಕೆಂದೂ ದೋಣಿಯನ್ನಿಳಿಸುವ ಕವಾಯತು ನಡೆಯಬೇಕೆಂದೂ ಗೊತ್ತುಮಾಡಿದವು. ನಿಯಮವೇನೋ ಆಯಿತು. ಆದರೆ ಸಾಲದಲ್ಲಿ ಮುಳುಗಿ ಸಾರಂಗನ ಮರ್ಜಿಯಿಂದ ಹಡಗು ಹತ್ತಿದವನು, ದೋಣಿಯ ಹಗ್ಗ ಕೊಳೆತಿದೆ, ನನಗೆ ಕೊಟ್ಟ ತೇಲುವ ಅಂಗಿ ಹರಿದಿದೆ ಎಂದು ಯಾರ ಮುಂದೆ ಬಾಯಿ ಬಿಟ್ಟಾನು? ಬಿಟ್ಟರೆ ಮುಂದಿನ ಸಫರಿಗೆ ಅವನ ಹೆಸರಿಲ್ಲ.

ಭಾಷೆಯ ತೊಡಕೂ ಇತ್ತು. ಅಧಿಕಾರಿಯದು ಇಂಗ್ಲಿಷು. ಖಲಾಸಿಗಳಲ್ಲಿ ಕೊಂಕಣದವರು, ಗೋವೆಯವರು, ಪಂಜಾಬದವರು, ಸಿಲ್ಹೆಟ್ಟಿನವರು. ಇವರ ನಡುವೆ ನಡೆದುದು ಲಸ್ಕರೀ ಎಂಬ ಬೆರಕೆಯ ಹಿಂದೂಸ್ತಾನಿ. ಅದರಲ್ಲಿ ಪೋರ್ತುಗೀಜ ಶಬ್ದಗಳೂ ಹೇರಳ. ಅಪ್ಪಣೆಯು ಅಧಿಕಾರಿಯ ಬಾಯಿಂದ ಸಾರಂಗನಿಗೆ, ಸಾರಂಗನ ಬಾಯಿಂದ ಖಲಾಸಿಗೆ. ಹಡಗಿನ ನಿತ್ಯದ ದಂದುಗಕ್ಕೆ ಇದು ಸಾಕು. ಕತ್ತಲಲ್ಲಿ, ಹೊಗೆಯಲ್ಲಿ, ಸಾರಂಗನೇ ನೀರಿಗೆ ಬಿದ್ದ ಗಳಿಗೆಯಲ್ಲಿ ಇದು ಸಾಲದು. ಪ್ರತಿಯೊಬ್ಬನೂ ತಾನು ಮಾಡಬೇಕಾದುದನ್ನು ತಾನೇ ಅರಿತಿದ್ದರೆ ಮಾತ್ರ ಅಂಥ ಗಳಿಗೆಯನ್ನು ದಾಟಬಹುದು.

ಅಂಥ ಗಳಿಗೆಗಳು ಬೇಗನೆ ಬಂದವು. 1939ರಲ್ಲಿ ಮಹಾಯುದ್ಧವು ಮೊದಲಾಗುತ್ತಲೇ ಹಿಂದೀ ನಾವಿಕರು ಬ್ರಿಟನ್ನಿನ ಬಂದರುಗಳಲ್ಲಿಯೂ ಬೇರೆಡೆಯಲ್ಲಿಯೂ ಕೆಲಸ ನಿಲ್ಲಿಸಿ ಹೆಚ್ಚಿನ ವೇತನವನ್ನು ಕೇಳಿದರು. ನೂರಾರು ಜನ ಸೆರೆಮನೆ ಸೇರಿದರು. ಕೊನೆಗೆ ಸಂಬಳ ಏರಿತು. 1940ರ ಸೆಪ್ಟೆಂಬರ 17ರ ರಾತ್ರಿ ಲಿವರಪೂಲಿನಿಂದ ಕೆನಡಾಕ್ಕೆ ಮಕ್ಕಳನ್ನು ಒಯ್ಯುತ್ತಿದ್ದ 'ಸಿಟಿ ಆಫ್ ಬನಾರಸ್' ಹಡಗಿಗೆ ಜರ್ಮನರ ಟಾರ್ಪೀಡೋ ಬಡಿಯಿತು. ಆ ಹಡಗಿನ ಕೆಲಸಗಾರರಲ್ಲಿ ಬಹುಮಂದಿ ನಮ್ಮವರು. ದೋಣಿ ಸಿಕ್ಕವರಲ್ಲಿಯೂ ಅನೇಕರು ಬದುಕಲಿಲ್ಲ. ಅಟ್ಲಾಂಟಿಕಿನ ಆ ರಾತ್ರಿಯ ಬಿರುಗಾಳಿಯಲ್ಲಿ, ಸೊಂಟದ ಮಟ ನೀರು ತುಂಬಿದ ದೋಣಿಗಳಲ್ಲಿ, ತೆಳುವಾದ ಅರಿವೆ ತೊಟ್ಟ ಖಲಾಸಿಗಳೂ ಎಳೆಯ ಮಕ್ಕಳೂ ಮೈ ತಣ್ಣಗಾಗಿ ಸತ್ತರು. ಅದೇ ಹಡಗಿನ ಇನ್ನೊಂದು ದೋಣಿಯಲ್ಲಿ 40ಕ್ಕೂ ಹೆಚ್ಚು ಜನ, ಅವರಲ್ಲಿ ಹೆಚ್ಚಿನವರು ಹಿಂದೀ ನಾವಿಕರು, ಎಂಟು ದಿನ ತೇಲಿ ವಿಮಾನವೊಂದರ ಕಣ್ಣಿಗೆ ಬಿದ್ದು ಉಳಿದರು. ಇದ್ದ ಅಲ್ಪ ನೀರನ್ನು ಅಳೆದು ಹಂಚಿದ್ದು, ಚಳಿಗೆ ಮರೆ ಮಾಡಿಕೊಂಡದ್ದು ಅವರನ್ನು ಕಾಯಿತು. ಸಮುದ್ರದಲ್ಲಿ ಮನುಷ್ಯನನ್ನು ಕೊಲ್ಲುವುದು ಮುಳುಗುವುದೊಂದೇ ಎಂದು ತಿಳಿದವರು ಈ ಎರಡು ಸಂಗತಿಗಳನ್ನು ಓದಬೇಕು. ಆ ಯುದ್ಧದಲ್ಲಿ ಮಡಿದ ಹಿಂದೀ ವ್ಯಾಪಾರಿ ನಾವಿಕರು 6,000ಕ್ಕೂ ಹೆಚ್ಚು. ಅವರು ಸೈನಿಕರಲ್ಲ, ಅವರ ಕೈಯಲ್ಲಿ ಕೋವಿಯಿರಲಿಲ್ಲ.

ಈ ವರ್ಷಗಳಲ್ಲಿ ದೇಸಾಯಿಯವರು ತಮ್ಮ ಸ್ವಂತ ಜಿಲ್ಲೆಯಲ್ಲಿ ಕಾಲಿಡುವಂತಿರಲಿಲ್ಲ. ಅಂಕೋಲೆಯ ಗೇಣಿ ರೈತರನ್ನು ಕಟ್ಟಿ, ಉಳುವವನಿಗೆ ಹೊಲದ ಮೇಲೆ ಹಕ್ಕಿರಬೇಕೆಂದು ಹೋರಾಡಿದ ತಪ್ಪಿಗೆ 1940ರಲ್ಲಿ ಸರಕಾರವು ಅವರನ್ನು ಉತ್ತರ ಕನ್ನಡದಿಂದ ಐದು ವರ್ಷ ಗಡಿಪಾರು ಮಾಡಿತು. ಊರಿನ ಬಾಗಿಲು ಮುಚ್ಚಿದರೆ ಮುಂಬಯಿಯ ಬಂದರು ತೆರೆದೇ ಇತ್ತು. ಗೇಣಿದಾರನಿಗೂ ಖಲಾಸಿಗೂ ಅವರು ಒಂದೇ ಕಣ್ಣಿನಿಂದ ನೋಡಿದರೆಂದು ನನ್ನ ಎಣಿಕೆ. ಒಬ್ಬನು ಒಡೆಯನ ಹೊಲದಲ್ಲಿ, ಇನ್ನೊಬ್ಬನು ಒಡೆಯನ ಹಡಗಿನಲ್ಲಿ. ಇಬ್ಬರ ತಲೆಯ ಮೇಲೂ ಸಾಲ, ಇಬ್ಬರಿಗೂ ಕೆಲಸ ಇಂದು ಉಂಟು ನಾಳೆ ಇಲ್ಲ. ನಾವಿಕರ ಸಂಘದ ಮುಂದಾಳಾಗಿ ಅವರು ಹಡಗಿನ ಮಾಲಿಕರೊಡನೆ ವಾದಿಸಿದರು, ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಸಭೆಗಳಲ್ಲಿ ಭಾರತದ ನಾವಿಕರ ಪರವಾಗಿ ಕುಳಿತರು. ಪಶ್ಚಿಮ ದೇಶಗಳ ಪ್ರವಾಸವನ್ನು 'ನಾ ಕಂಡ ಪಡುವಣ' ಎಂಬ ಪುಸ್ತಕದಲ್ಲಿ ಬರೆದಿದ್ದಾರೆ.

ಮುಂಬಯಿಯ ಜನರಿಗೆ ಸಮುದ್ರದ ಭಯವನ್ನು ಮನೆಬಾಗಿಲಿಗೆ ತಂದುದು 'ರಾಮದಾಸ' ಬೋಟಿನ ದುರಂತ. 1947ರ ಜುಲೈ 17ರಂದು, ಸ್ವಾತಂತ್ರ್ಯಕ್ಕೆ ಒಂದು ತಿಂಗಳು ಕೂಡ ಇಲ್ಲದಿರುವಾಗ, ಮಳೆಗಾಲದ ಹಬ್ಬಕ್ಕೆಂದು ರೇವಸಿನ ಕಡೆಗೆ ಹೊರಟ ಈ ಬೋಟು ಕೆಲವೇ ಮೈಲು ಹೋಗಿ ಬಿರುಗಾಳಿಗೆ ಮಗುಚಿ ಆರುನೂರಕ್ಕೂ ಮಿಕ್ಕಿ ಜನ ಸತ್ತರು. ದಡ ಕಣ್ಣಿಗೆ ಕಾಣುವಷ್ಟು ದೂರದಲ್ಲಿತ್ತು.

ಸ್ವಾತಂತ್ರ್ಯದ ತರುವಾಯ ಕೆಲಸಗಳು ಒಂದೊಂದಾಗಿ ಕೈಗೂಡತೊಡಗಿದವು. ಹಡಗಿನ ಅಧಿಕಾರಿಗಳಾಗುವ ಹುಡುಗರಿಗೆ 'ಡಫರಿನ್' ಎಂಬ ಶಿಕ್ಷಣದ ಹಡಗು 1927ರಿಂದಲೇ ಮುಂಬಯಿಯಲ್ಲಿತ್ತು. ಸಾಮಾನ್ಯ ಖಲಾಸಿಗೆ ಮಾತ್ರ ಶಾಲೆಯೆಂದರೆ ಸಾರಂಗನ ಬೈಗುಳವೇ ಆಗಿತ್ತು. 1950ರ ದಶಕದಲ್ಲಿ 'ಭದ್ರಾ', 'ಮೇಖಲಾ', 'ನೌಲಕ್ಷೀ' ಎಂಬ ಮೂರು ತರಬೇತಿಯ ನೆಲೆಗಳು ಖಲಾಸಿಗಳಿಗಾಗಿಯೇ ನಡೆಯಹತ್ತಿದವು. ಅದೇ ದಶಕದಲ್ಲಿ ಮುಂಬಯಿಯಲ್ಲಿಯೂ ಕಲಕತ್ತೆಯಲ್ಲಿಯೂ ಸರಕಾರದ ನಾವಿಕ ಉದ್ಯೋಗ ಕಚೇರಿಗಳು ತೆರೆದು, ಪಾಳಿಯ ಪ್ರಕಾರ ಕೆಲಸ ಕೊಡುವ ಏರ್ಪಾಡಾಯಿತು. 1958ರಲ್ಲಿ ಭಾರತದ ವ್ಯಾಪಾರಿ ನೌಕಾಯಾನದ ಕಾಯಿದೆ ಬಂತು. ಇವೆಲ್ಲ ಒಬ್ಬರೇ ದೇಸಾಯಿಯವರ ಸಾಧನೆಯೆಂದು ಹೇಳಿದರೆ ಅದು ಸ್ತುತಿಪಾಠವಾದೀತು. ಅವರಿಗೇ ಅದು ಹಿಡಿಸುತ್ತಿರಲಿಲ್ಲ. ಹಲವು ಸಂಘಗಳು, ಹಲವು ಮುಂದಾಳುಗಳು, ಹಸಿದ ಎಷ್ಟೋ ಖಲಾಸಿಗಳು ಇದಕ್ಕಾಗಿ ದುಡಿದರು. ಆದರೆ ಆ ಸಾಲಿನಲ್ಲಿ ಒಬ್ಬ ಕನ್ನಡ ಕವಿಯೂ ಇದ್ದನೆಂಬುದು ನಮಗೆ ಹೆಮ್ಮೆಯ ಮಾತು.

ಅವರ ಜೀವನದ ಉಳಿದ ಭಾಗವು ನಮ್ಮವರಿಗೆ ಹೆಚ್ಚು ಪರಿಚಿತವಾದುದು. 1953ರಲ್ಲಿ ಅವರು ಕೆನರಾ ವೆಲ್ಫೇರ್ ಟ್ರಸ್ಟನ್ನು ಸ್ಥಾಪಿಸಿ ಉತ್ತರ ಕನ್ನಡದ ಹಳ್ಳಿಗಳಲ್ಲಿ 'ಜನತಾ ವಿದ್ಯಾಲಯ'ಗಳನ್ನು ತೆರೆದರು. ಗೋಖಲೆಯವರ ಜನ್ಮ ಶತಾಬ್ದಿಯ ವರ್ಷವಾದ 1966ರಲ್ಲಿ ಅಂಕೋಲೆಯಲ್ಲಿ ಗೋಖಲೆ ಸೆಂಟಿನರಿ ಕಾಲೇಜು ಆರಂಭವಾಯಿತು. ಅದೂ ನಮ್ಮ ಕರ್ನಾಟಕ ವಿಶ್ವವಿದ್ಯಾಲಯದ ಮರದ ಒಂದು ಟೊಂಗೆಯೇ. 1967ರಲ್ಲಿ ಯಾವ ಪಕ್ಷದ ಹಂಗೂ ಇಲ್ಲದೆ ಸ್ವತಂತ್ರರಾಗಿ ನಿಂತು ಲೋಕಸಭೆಗೆ ಆರಿಸಿ ಬಂದರು. ಚುಟುಕಗಳನ್ನು ಸಾವಿರಗಟ್ಟಲೆ ಬರೆದರು. ತಮ್ಮ ದೇಹದ ಬೂದಿಯು ಹೊಲದ ಬೆಳೆಗೂ ಹೊಳೆಯ ಮೀನಿಗೂ ಉಪಯೋಗವಾಗಲೆಂದು ಹಾರೈಸಿದ ಅವರ ಕವಿತೆಯನ್ನು ಇಂದಿಗೂ ಸಭೆಗಳಲ್ಲಿ ಹಾಡುತ್ತಾರೆ. 1982ರ ನವೆಂಬರ 6ರಂದು ಅವರು ತೀರಿಕೊಂಡರು.

ಅವರು ಬದುಕಿದ್ದಾಗಲೇ, 1978ರಲ್ಲಿ, ನಾವಿಕರ ತರಬೇತಿ, ಪ್ರಮಾಣಪತ್ರ ಹಾಗೂ ಪಹರೆಗಳನ್ನು ಕುರಿತ ಅಂತರರಾಷ್ಟ್ರೀಯ ಒಪ್ಪಂದವೊಂದು ಲಂಡನ್ನಿನಲ್ಲಿ ಸಿದ್ಧವಾಗಿತ್ತು. ಅದು ಜಾರಿಗೆ ಬಂದುದು 1984ರಲ್ಲಿ. 1995ರಲ್ಲಿ ಅದನ್ನು ತಿದ್ದಿದ ಮೇಲೆ ಮೂಲ ಸುರಕ್ಷತಾ ತರಬೇತಿಯಿಲ್ಲದೆ ಯಾವ ನಾವಿಕನೂ ಹಡಗಿನ ಕೆಲಸಕ್ಕೆ ನಿಲ್ಲುವಂತಿಲ್ಲವೆಂದಾಯಿತು. ಕಪ್ತಾನನಾಗಲಿ ಅಡಿಗೆಯವನಾಗಲಿ ಎಲ್ಲರಿಗೂ ಒಂದೇ ಪಾಠ. ಕಾರವಾರದ ಕಡೆಯ ನನ್ನ ಸಹಪಾಠಿಯೊಬ್ಬರ ಅಣ್ಣನವರು ಈ ತರಬೇತಿ ಪಡೆದು ಈಗ ಎಣ್ಣೆಯ ಹಡಗಿನಲ್ಲಿದ್ದಾರೆ. ಅವರು ಊರಿಗೆ ಬಂದಾಗ ಅದರ ಸಂಗತಿಯನ್ನು ಕೇಳಿ ತಿಳಿದುಕೊಂಡೆ.

ಮೊದಲನೆಯ ಪಾಠ ನೀರಿನದು. ಎತ್ತರದಿಂದ ನೀರಿಗಿಳಿಯುವಾಗ ಹಾರಬಾರದು, ಹೆಜ್ಜೆ ಇಟ್ಟಂತೆ ಇಳಿಯಬೇಕು. ಒಂದು ಕೈಯಿಂದ ಮೂಗು ಬಾಯಿ ಮುಚ್ಚಬೇಕು, ಇನ್ನೊಂದರಿಂದ ಮೈಮೇಲಿನ ಲೈಫ್ ಜಾಕೆಟನ್ನು ಕೆಳಕ್ಕೆ ಒತ್ತಿ ಹಿಡಿಯಬೇಕು. ಇಲ್ಲವಾದರೆ ನೀರು ಅದನ್ನು ಮೇಲಕ್ಕೆ ಚಿಮ್ಮಿ ಕುತ್ತಿಗೆಗೆ ಪೆಟ್ಟು. ನೀರಿನಲ್ಲಿ ಸುಮ್ಮಸುಮ್ಮನೆ ಕೈಕಾಲು ಬಡಿದರೆ ಮೈಯ ಕಾವು ಹೋಗುತ್ತದೆ. ಮೊಣಕಾಲುಗಳನ್ನು ಎದೆಗೆ ಸೆಳೆದು ಮುದುಡಿಕೊಳ್ಳಬೇಕು. ಹಲವರಿದ್ದರೆ ತೆಕ್ಕೆ ಹಿಡಿದು ಒಂದಾಗಿರಬೇಕು. ಗಾಳಿ ತುಂಬಿದ ರಬ್ಬರಿನ ತೆಪ್ಪ ಮಗುಚಿ ಬಿದ್ದಿದ್ದರೆ ಒಬ್ಬನೇ ಅದರ ಅಡಿಯ ಪಟ್ಟಿಯನ್ನು ಹಿಡಿದು, ಗಾಳಿಗೆ ಎದುರಾಗಿ ತಿರುಗಿಸಿ, ಬೆನ್ನ ಮೇಲೆ ಒರಗಿ ನೆಟ್ಟಗೆ ಮಾಡಬಹುದು. ಮೊದಲ ದಿನ ನೀರು ಕುಡಿಯಬಾರದು, ಗಾಯಗೊಂಡವರಿಗೆ ಮಾತ್ರ ಕೊಡಬೇಕು. ಸಮುದ್ರದ ನೀರನ್ನಂತೂ ಎಂದಿಗೂ ಕುಡಿಯಬಾರದು. ಇದನ್ನು ಕೇಳುವಾಗ ನನ್ನ ಕಣ್ಣ ಮುಂದೆ 1940ರ ಆ ದೋಣಿಗಳು ಬಂದವು. ಅಂದು ಪ್ರಾಣ ಕೊಟ್ಟು ಕಲಿತುದನ್ನು ಇಂದು ಈಜುಕೊಳದಲ್ಲಿ ಕಲಿಸುತ್ತಾರೆ.

ಎರಡನೆಯದು ಬೆಂಕಿಯ ಪಾಠ: ಎಣ್ಣೆಯ ಬೆಂಕಿಗೆ ನೊರೆ, ವಿದ್ಯುತ್ತಿನ ಬೆಂಕಿಗೆ ಇಂಗಾಲದ ಅನಿಲ, ಹೊಗೆ ತುಂಬಿದ ಕೋಣೆಯಲ್ಲಿ ಉಸಿರಾಟದ ಸಿಲಿಂಡರು ಹೊತ್ತು ಗೋಡೆ ಸವರುತ್ತ ಸಾಗುವುದು. ಮೂರನೆಯದು ಪ್ರಥಮೋಪಚಾರ. ಇವುಗಳ ನಡುವೆ ಅಣ್ಣನವರು ಒಂದು ಮಾತನ್ನು ಒತ್ತಿ ಹೇಳಿದರು. ಮುಚ್ಚಿದ ಟ್ಯಾಂಕಿನೊಳಗೆ ಒಬ್ಬನು ಎಚ್ಚರ ತಪ್ಪಿ ಬಿದ್ದರೆ, ಅವನನ್ನು ಎತ್ತಲೆಂದು ಧಾವಿಸಿದ ಎರಡನೆಯವನೂ ಮೂರನೆಯವನೂ ಅಲ್ಲಿಯೇ ಬೀಳುತ್ತಾರೆ. ಒಳಗೆ ಪ್ರಾಣವಾಯುವೇ ಇರುವುದಿಲ್ಲ. ಗೆಳೆಯನು ಕಣ್ಣೆದುರು ಬಿದ್ದಿರುವಾಗ ಓಡದೆ ನಿಂತು, ಗಂಟೆ ಬಾರಿಸಿ, ಉಸಿರಿನ ಉಪಕರಣ ಬರುವವರೆಗೆ ಕಾಯುವುದು ಎಲ್ಲಕ್ಕಿಂತ ಕಠಿಣವಾದ ಪಾಠವಂತೆ. ನಮ್ಮ ಕಡೆಯ ಹಾಳು ಬಾವಿಗಳಲ್ಲಿ, ಹಗೇವುಗಳಲ್ಲಿ ಇಳಿದು ಒಬ್ಬರ ಹಿಂದೊಬ್ಬರು ಸತ್ತವರ ಸುದ್ದಿಯನ್ನು ಕೇಳಿದವರಿಗೆ ಇದು ಸುಲಭವಾಗಿ ತಿಳಿಯುತ್ತದೆ.

ನಾಲ್ಕನೆಯ ಪಾಠಕ್ಕೆ ವೈಯಕ್ತಿಕ ಸುರಕ್ಷತೆ ಹಾಗೂ ಸಾಮಾಜಿಕ ಹೊಣೆಗಾರಿಕೆಯೆಂದು ಹೆಸರು. ಏಳು ಗಿಡ್ಡ ಕೂಗು, ಒಂದು ಉದ್ದ ಕೂಗು ಕೇಳಿದರೆ ಎಲ್ಲಿ ಕೂಡಬೇಕು, ಯಾರ ಅಪ್ಪಣೆಯನ್ನು ಪಾಲಿಸಬೇಕು ಎಂಬುದರಿಂದ ಮೊದಲುಗೊಂಡು, ಬೇರೆ ಬೇರೆ ಭಾಷೆಯವರು ಒಬ್ಬರ ಮಾತನ್ನೊಬ್ಬರು ತಪ್ಪಿಲ್ಲದೆ ತಿಳಿಯುವುದು, ದಣಿದವನಿಗೆ ವಿಶ್ರಾಂತಿಯ ತಾಸುಗಳು, ನಾವಿಕನ ಹಕ್ಕುಗಳು ಇವೆಲ್ಲ ಅದರಲ್ಲಿ ಸೇರುತ್ತವೆ. ಬೆಂಕಿಯ ಪಾಠದ ಪಕ್ಕದಲ್ಲಿ ಹಕ್ಕಿನ ಪಾಠವನ್ನು ಯಾರು ಇಟ್ಟರೋ ಅವರು ಖಲಾಸಿಯ ಬಾಳನ್ನು ಬಲ್ಲವರಾಗಿರಬೇಕು. ನೀರು ಮತ್ತು ಬೆಂಕಿಯ ಪಾಠಗಳನ್ನು ಐದು ವರ್ಷಕ್ಕೊಮ್ಮೆ ಮತ್ತೆ ಕಲಿತು ತೋರಿಸಬೇಕೆಂದು 2010ರ ತಿದ್ದುಪಡಿಯ ಕಟ್ಟಳೆ.

ಸಾರಂಗನ ಲಂಚದ ಕಥೆ ಮಾತ್ರ ಇನ್ನೂ ಪೂರ್ತಿಯಾಗಿ ಹಳೆಯದಾಗಿಲ್ಲ. ಕೆಲಸಕ್ಕಾಗಿ ನಾವಿಕನಿಂದ ಹಣ ಕೀಳಬಾರದೆಂಬ 1920ರ ಮಾತು 2006ರ ನಾವಿಕ ಕಾರ್ಮಿಕ ಒಪ್ಪಂದದಲ್ಲಿ ಮತ್ತೆ ಬಂತು, ಅದನ್ನು ಭಾರತವು 2015ರಲ್ಲಿ ಒಪ್ಪಿಕೊಂಡಿತು. ಆದರೂ ಹಡಗಿನ ಕೆಲಸದ ಆಸೆಗೆ ಏಜಂಟನ ಕೈಗೆ ಲಕ್ಷಗಟ್ಟಲೆ ಸುರಿದು ಮೋಸ ಹೋದ ತರುಣರ ಸುದ್ದಿಯನ್ನು ಪತ್ರಿಕೆಗಳಲ್ಲಿ ಆಗಾಗ ಓದುತ್ತೇವೆ. ಅಣ್ಣನವರು ತಮ್ಮ ಕೆಲಸಕ್ಕೆ ಯಾರಿಗೂ ಕಾಸು ಕೊಟ್ಟಿಲ್ಲವೆಂದು ಹೇಳಿದರು. ದೇಸಾಯಿಯವರು ಟ್ರಸ್ಟಿನಿಂದ ತೆರೆದ ಜನತಾ ವಿದ್ಯಾಲಯವೊಂದರಲ್ಲಿಯೇ ಅವರು ಓದಿದುದಂತೆ. ಆದರೆ ಶಾಲೆಯನ್ನು ಕಟ್ಟಿದವರು ಖಲಾಸಿಗಳ ಮುಂದಾಳೂ ಆಗಿದ್ದರೆಂಬುದು ಅವರಿಗೆ ಅಂದಿನವರೆಗೆ ಗೊತ್ತಿರಲಿಲ್ಲ.